ಕಂಪ್ಯೂಟರ್ ಕನ್ನಡಕ: ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಕಂಪ್ಯೂಟರ್ ಕನ್ನಡಕ ಎಂಬ ಒಂದೇ ಹೆಸರಿನಲ್ಲಿ ಅಂಗಡಿಗಳು ಎರಡು ಬೇರೆ ಬೇರೆ ವಸ್ತುಗಳನ್ನು ಮಾರುತ್ತವೆ. ಮೊದಲನೆಯದು, ಪವರ್ ಇದ್ದವರಿಗೂ ಇಲ್ಲದವರಿಗೂ ಹಾಕಿಕೊಡುವ, ಪರದೆಯ ನೀಲಿ ಬೆಳಕನ್ನು ತಡೆಯುತ್ತದೆ ಎಂದು ಹೇಳಲಾಗುವ ‘ಬ್ಲೂ ಕಟ್’ ಲೆನ್ಸು. ಎರಡನೆಯದು, ಕಣ್ಣಿಗೂ ಪರದೆಗೂ ನಡುವೆ ಇರುವ ದೂರಕ್ಕೆ ಹೊಂದುವಂತೆ ಪವರ್ ಲೆಕ್ಕ ಹಾಕಿ ಮಾಡಿಸಿದ ಕನ್ನಡಕ. ಜಾಹೀರಾತಿನಲ್ಲಿ ಮಿಂಚುವುದು ಮೊದಲನೆಯದು. ಕಣ್ಣಿನ ದಣಿವಿಗೆ ನಿಜವಾಗಿ ಕೆಲಸಕ್ಕೆ ಬರುವುದು, ಅದೂ ಎಲ್ಲರಿಗೂ ಅಲ್ಲ, ಎರಡನೆಯದು. ಇವೆರಡನ್ನು ಬೇರ್ಪಡಿಸದೆ ‘ಕಂಪ್ಯೂಟರ್ ಕನ್ನಡಕದಿಂದ ಪ್ರಯೋಜನವಿದೆಯೇ’ ಎಂದು ಕೇಳಿದರೆ ಹೌದು ಎಂದರೂ ಸರಿ, ಇಲ್ಲ ಎಂದರೂ ಸರಿ ಎನ್ನುವಂತಾಗುತ್ತದೆ.

ದಣಿವಿನ ಕಾರಣವನ್ನು ನೀವೇ ಗುರುತಿಸುವ ಬಗೆ

ಸಂಜೆಯ ಹೊತ್ತಿಗೆ ಕಣ್ಣುರಿ, ರೆಪ್ಪೆಯ ಭಾರ, ಮಂಜು ಮಂಜಾದ ಅಕ್ಷರ, ಹಣೆನೋವು, ಕತ್ತುನೋವು ಎಲ್ಲವೂ ಒಟ್ಟಿಗೇ ಬರುವುದರಿಂದ ಜನ ಅವನ್ನೆಲ್ಲ ಒಂದೇ ತೊಂದರೆಯೆಂದು ಎಣಿಸಿ ಒಂದೇ ಮದ್ದು ಹುಡುಕುತ್ತಾರೆ. ಆದರೆ ಇವುಗಳ ಹಿಂದಿರುವ ಕಾರಣಗಳು ಬೇರೆ ಬೇರೆ. ಅಂಗಡಿಗೆ ಹೋಗುವ ಮೊದಲು ಒಂದೆರಡು ದಿನ ನಿಮ್ಮ ಮೇಜಿನಲ್ಲೇ ಪರೀಕ್ಷಿಸಿ ನೋಡಿ.

ಅಕ್ಷರ ಮಂಜಾದಾಗ ನಿಧಾನವಾಗಿ, ರೆಪ್ಪೆಗಳು ಪೂರ್ತಿ ಕೂಡುವಂತೆ, ಎರಡು ಮೂರು ಸಲ ಮಿಟುಕಿಸಿ. ಆ ಕ್ಷಣವೇ ಸ್ಪಷ್ಟವಾಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಂಜಾದರೆ, ಸಮಸ್ಯೆ ಬಹುಮಟ್ಟಿಗೆ ಕಣ್ಣಿನ ಮೇಲ್ಮೈ ಒಣಗುವುದರಲ್ಲಿದೆ. ಮಿಟುಕಿಸಿದರೂ ಬದಲಾಗದೆ, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೋ ಮುಂದಕ್ಕೋ ಸರಿಸಿದಾಗ ಅಕ್ಷರ ತಿಳಿಯಾದರೆ ಅದು ಪವರಿನ ವಿಷಯ. ಇನ್ನು, ಪರದೆಯನ್ನು ನೋಡುವಾಗ ಎಲ್ಲವೂ ಸರಿಯಿದ್ದು, ಎದ್ದು ಹೊರಗೆ ಬಂದಾಗ ಬಸ್ಸಿನ ಬೋರ್ಡು ಕೆಲವು ಕ್ಷಣ ಮಸುಕಾಗಿ ಕಂಡು ಆಮೇಲೆ ನೆಟ್ಟಗಾದರೆ, ಕಣ್ಣಿನೊಳಗಿನ ಸ್ನಾಯು ಹತ್ತಿರದ ನೋಟಕ್ಕೆ ಬಿಗಿದುಕೊಂಡದ್ದು ಸಡಿಲಾಗಲು ಸಮಯ ತೆಗೆದುಕೊಳ್ಳುತ್ತಿದೆ ಎಂದರ್ಥ. ಬೇಕಾದದ್ದು ಬಿಡುವೋ ಪವರೋ ಎಂಬುದು ವಯಸ್ಸಿನ ಮೇಲೆ ಮತ್ತು ಕಣ್ಣಿನ ಪರೀಕ್ಷೆಯ ಮೇಲೆ ತೀರ್ಮಾನವಾಗುತ್ತದೆ. ಕತ್ತು ಮತ್ತು ಭುಜದ ನೋವೇ ಮುಂದಾಗಿದ್ದು, ನೀವು ಪ್ರೊಗ್ರೆಸಿವ್ ಕನ್ನಡಕ (ಲೆನ್ಸಿನ ಮೇಲಿನಿಂದ ಕೆಳಕ್ಕೆ ಪವರ್ ಮೆಲ್ಲನೆ ಬದಲಾಗುವಂಥದ್ದು) ಹಾಕುವವರಾಗಿದ್ದರೆ, ಕೆಲಸ ಮಾಡುವಾಗ ನಿಮಗೆ ತಿಳಿಯದಂತೆ ಪಕ್ಕದಿಂದ ಒಂದು ಫೋಟೋ ತೆಗೆಯಲು ಸಹೋದ್ಯೋಗಿಗೆ ಹೇಳಿ. ಗಲ್ಲ ಮೇಲಕ್ಕೆತ್ತಿ ಕೂತಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಮೊದಲ ಪರೀಕ್ಷೆಯಲ್ಲಿ ಹೇಳಿದ ಒಣಗುವಿಕೆಯ ಮೂಲ ಎಲ್ಲಿದೆ ಎಂಬುದನ್ನು ಜಪಾನಿನ ನೇತ್ರತಜ್ಞರು 1993ರಲ್ಲೇ ಎಣಿಸಿ ತೋರಿಸಿದ್ದರು. ಸುಮ್ಮನೆ ಕೂತಾಗ ನಿಮಿಷಕ್ಕೆ ಸರಾಸರಿ 22 ಸಲ ಮಿಟುಕುವ ರೆಪ್ಪೆ, ಪುಸ್ತಕ ಓದುವಾಗ 10 ಸಲ, ಕಂಪ್ಯೂಟರ್ ಪರದೆ ನೋಡುವಾಗ ಕೇವಲ 7 ಸಲ ಮಿಟುಕುತ್ತಿತ್ತು. ಮಿಟುಕಿದಾಗಲೆಲ್ಲ ಕಣ್ಣೀರಿನ ತೆಳು ಪದರ ಕಣ್ಣಿನ ಮೇಲೆ ಹೊಸದಾಗಿ ಹರಡುತ್ತದೆ. ಮಿಟುಕುವುದು ಮೂರನೆಯ ಒಂದು ಪಾಲಿಗೆ ಇಳಿದರೆ ಪದರ ಅಲ್ಲಲ್ಲಿ ಹರಿದು ಉರಿ, ಚುಚ್ಚು, ಮಂಜು ಎಲ್ಲವೂ ಬರುತ್ತವೆ. ಇಲ್ಲಿ ಪರದೆಯ ಬೆಳಕಿನ ಬಣ್ಣಕ್ಕಿಂತ, ನಾವು ಎವೆಯಿಕ್ಕದೆ ನೋಡುವ ರೀತಿಯೇ ದೊಡ್ಡ ಅಪರಾಧಿ.

ಬ್ಲೂ ಕಟ್ ಲೆನ್ಸಿನ ಬಗ್ಗೆ

ಅಂಗಡಿಯಲ್ಲಿ ನಡೆಯುವ ಒಂದು ಪ್ರದರ್ಶನವನ್ನು ಬಹಳ ಜನ ನೋಡಿರುತ್ತೀರಿ. ಮಾರಾಟಗಾರರು ಪೆನ್ನಿನಂಥ ಒಂದು ನೀಲಿ ಲೇಸರ್ ಟಾರ್ಚನ್ನು ಸಾಧಾರಣ ಲೆನ್ಸಿನ ಮೂಲಕ ಬಿಳಿ ಕಾರ್ಡಿನ ಮೇಲೆ ಬಿಡುತ್ತಾರೆ. ಕಾರ್ಡಿನ ಮೇಲೆ ಗಾಢ ಬಣ್ಣದ ಚುಕ್ಕೆ ಮೂಡುತ್ತದೆ. ಬ್ಲೂ ಕಟ್ ಲೆನ್ಸನ್ನು ಅಡ್ಡ ಹಿಡಿದಾಗ ಚುಕ್ಕೆ ಮಾಯ. ನೋಡಿದವರು ಬೆರಗಾಗಿ ದುಡ್ಡು ತೆಗೆಯುತ್ತಾರೆ. ಆ ಟಾರ್ಚಿನಿಂದ ಬರುವುದು ಸಾಮಾನ್ಯವಾಗಿ 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕು. ನಿಮ್ಮ ಮಾನಿಟರಿನ ಎಲ್‌ಇಡಿ ಹೊರಸೂಸುವ ನೀಲಿ ಬೆಳಕು ಅತಿ ಹೆಚ್ಚಾಗಿರುವುದು ಸುಮಾರು 450 ನ್ಯಾನೋಮೀಟರ್‌ನಲ್ಲಿ. ನೇರಳೆಯನ್ನು ಪೂರ್ತಿ ತಡೆಯುವ ಲೆನ್ಸು 450ರ ನೀಲಿಯನ್ನು ಬಹುಪಾಲು ಒಳಗೆ ಬಿಡುತ್ತದೆ. ಬಿಡದೆ ತಡೆಯಬೇಕಾದರೆ ಲೆನ್ಸು ಎದ್ದು ಕಾಣುವಷ್ಟು ಹಳದಿಯೋ ಕಿತ್ತಳೆಯೋ ಆಗಬೇಕಾಗುತ್ತದೆ. ಪ್ರದರ್ಶನದಲ್ಲಿ ಸುಳ್ಳಿಲ್ಲ, ಆದರೆ ಅದು ಸಾಬೀತು ಮಾಡುವುದು ನಿಮ್ಮ ಪರದೆಗೆ ಸಂಬಂಧಿಸಿದ ಸಂಗತಿಯನ್ನಲ್ಲ. ಮಾರುಕಟ್ಟೆಯಲ್ಲಿರುವ ಇಂಥ ಲೆನ್ಸುಗಳು ಒಟ್ಟು ನೀಲಿ ಬೆಳಕಿನಲ್ಲಿ ಸುಮಾರು ಶೇಕಡ 10ರಿಂದ 25ರಷ್ಟನ್ನು ಮಾತ್ರ ತಡೆಯುತ್ತವೆ. ಅಲ್ಲದೆ ಪರದೆಯಿಂದ ಕಣ್ಣಿಗೆ ಬರುವ ನೀಲಿ ಬೆಳಕೇ ಹಗಲಿನ ಆಕಾಶದಿಂದ ಬರುವುದರ ಮುಂದೆ ಸಾವಿರದಲ್ಲಿ ಒಂದು ಪಾಲಿನಷ್ಟು ಎಂಬ ಅಂದಾಜಿದೆ.

ಪ್ರಯೋಗಗಳು ಹೇಳುವುದೂ ಇದನ್ನೇ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣಿನ ದಣಿವಿನ ದೂರು ಇದ್ದ 120 ಮಂದಿಗೆ ಎರಡು ಗಂಟೆ ಕಂಪ್ಯೂಟರ್ ಕೆಲಸ ಕೊಟ್ಟು, ಕೆಲವರಿಗೆ ನೀಲಿ ತಡೆಯುವ ಲೆನ್ಸು, ಕೆಲವರಿಗೆ ಸಾದಾ ಲೆನ್ಸು ಹಾಕಿಸಿದರು. ದಣಿವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಸಾಕ್ಷ್ಯಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಅಲ್ಪಾವಧಿಯಲ್ಲಿ ಕಣ್ಣಿನ ದಣಿವನ್ನು ಇಳಿಸುವುದರಲ್ಲಿ ಈ ಲೆನ್ಸುಗಳು ಸಾದಾ ಲೆನ್ಸಿಗಿಂತ ಮೇಲಲ್ಲದಿರಬಹುದು ಎಂಬ ತೀರ್ಮಾನಕ್ಕೆ ಬಂದಿತು. ‘ಅಲ್ಪಾವಧಿ’ ಎಂಬ ಮಾತನ್ನು ಇಲ್ಲಿ ಬಿಡಬಾರದು, ಏಕೆಂದರೆ ಆ ಪ್ರಯೋಗಗಳಲ್ಲಿ ಅತಿ ದೀರ್ಘವಾದದ್ದೂ ಐದೇ ವಾರದ್ದು. ನಿದ್ದೆಯ ವಿಷಯದಲ್ಲಿ ಸಿಕ್ಕ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಇಂಥ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ನೀಲಿ ಬೆಳಕಿನಿಂದ ಅಕ್ಷಿಪಟ ಹಾಳಾಗುತ್ತದೆಂದು ಹೆದರಿಸಿ ಜಾಹೀರಾತು ಕೊಟ್ಟ ಒಂದು ದೊಡ್ಡ ಕನ್ನಡಕ ಮಾರಾಟ ಸಂಸ್ಥೆಗೆ 2017ರಲ್ಲಿ ಅಲ್ಲಿನ ನಿಯಂತ್ರಣ ಮಂಡಳಿ 40,000 ಪೌಂಡು ದಂಡ ಹಾಕಿತು.

ಹಾಗೆಂದು ಈಗಾಗಲೇ ಬ್ಲೂ ಕಟ್ ಹಾಕಿಸಿಕೊಂಡವರು ಅದನ್ನು ತೆಗೆದೆಸೆಯಬೇಕಾಗಿಲ್ಲ, ಅದರಿಂದ ಹಾನಿಯಿಲ್ಲ. ಇಂಥ ಲೆನ್ಸಿನ ಜೊತೆ ಸಾಮಾನ್ಯವಾಗಿ ಬರುವ ಆಂಟಿ-ಗ್ಲೇರ್ ಲೇಪನ ಮಾತ್ರ ಕೆಲಸದ್ದೇ. ಲೇಪನವಿಲ್ಲದ ಪ್ಲಾಸ್ಟಿಕ್ ಲೆನ್ಸು ಎರಡು ಮೈಗಳಲ್ಲೂ ಸೇರಿ ಸುಮಾರು ಶೇಕಡ 8ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಬೆನ್ನ ಹಿಂದಿನ ಟ್ಯೂಬ್‌ಲೈಟು ಕನ್ನಡಕದ ಒಳಮೈಯಲ್ಲಿ ಕಾಣುವುದು ಇದರಿಂದಲೇ. ಲೇಪನ ಹಾಕಿದರೆ ಆ ಪ್ರತಿಬಿಂಬ ಬಹುತೇಕ ಇಲ್ಲವಾಗುತ್ತದೆ. ಆದ್ದರಿಂದ ಹಣ ಕೊಡುವುದಿದ್ದರೆ ಆಂಟಿ-ಗ್ಲೇರ್‌ಗೆ ಕೊಡಿ. ಬ್ಲೂ ಕಟ್ ಉಚಿತವಾಗಿ ಬಂದರೆ ಬರಲಿ.

ಪವರಿನ ಕನ್ನಡಕ ಯಾರಿಗೆ ಬೇಕು

ಕಣ್ಣು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣಬೇಕಾದರೆ ಒಳಗಿನ ಮಸೂರವನ್ನು ಉಬ್ಬಿಸಿ ಹೆಚ್ಚಿನ ಪವರ್ ತಂದುಕೊಳ್ಳಬೇಕು. ಲೆಕ್ಕ ಸರಳ: 1ನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಬೇಕಾದ ಪವರ್ ಸಿಗುತ್ತದೆ. 40 ಸೆಂಟಿಮೀಟರಿನ ಪುಸ್ತಕಕ್ಕೆ 2.50, 50 ಸೆಂಟಿಮೀಟರಿನ ಲ್ಯಾಪ್‌ಟಾಪಿಗೆ 2.00, 65 ಸೆಂಟಿಮೀಟರಿನ ಮಾನಿಟರಿಗೆ ಸುಮಾರು 1.50. ಹತ್ತು ವರ್ಷದ ಮಗುವಿನ ಕಣ್ಣಿಗೆ 12ಕ್ಕಿಂತ ಹೆಚ್ಚು ಉಬ್ಬಿಸುವ ಶಕ್ತಿ ಇರುತ್ತದೆ. ಐವತ್ತರ ಹೊತ್ತಿಗೆ ಅದು ಎರಡು ಮೂರಕ್ಕೆ ಇಳಿದಿರುತ್ತದೆ, ಅದರಲ್ಲೂ ದಿನವಿಡೀ ಆರಾಮವಾಗಿ ಬಳಸಬಹುದಾದದ್ದು ಅರ್ಧದಷ್ಟೇ. ಅಂದರೆ ಐವತ್ತರವರ ಕಣ್ಣಿಗೆ ಮಾನಿಟರ್ ನೋಡುವುದೂ ಸಾಲ ಮಾಡಿ ಸಂಸಾರ ನಡೆಸಿದಂತೆ. ಬೆಳಿಗ್ಗೆ ನಡೆಯುತ್ತದೆ, ಸಂಜೆಗೆ ಕೈ ಖಾಲಿ.

ಇಂಥವರು ಚಾಳೀಸು ಕನ್ನಡಕ ಹಾಕಿದರೆ ಪುಸ್ತಕ ಕಾಣುತ್ತದೆ, ಮಾನಿಟರ್ ಮಸುಕು. ಬೈಫೋಕಲ್ ಹಾಕಿದರೆ ಮೇಲಿನ ಭಾಗ ದೂರಕ್ಕೆ, ಕೆಳಗಿನ ತುಂಡು ಪುಸ್ತಕಕ್ಕೆ. ಮಾನಿಟರ್ ಎರಡಕ್ಕೂ ಸಲ್ಲುವುದಿಲ್ಲ. ಪ್ರೊಗ್ರೆಸಿವ್ ಲೆನ್ಸಿನಲ್ಲಿ ನಡುವಿನ ದೂರಕ್ಕೆ ಜಾಗವಿದೆ, ಆದರೆ ಅದು ಕಿರಿದಾದ ಓಣಿ. ಅದರೊಳಗಿನಿಂದ ನೋಡಲು ಗಲ್ಲ ಎತ್ತಬೇಕು, ಅಗಲವಾದ ಪರದೆಯ ಈ ತುದಿಯಿಂದ ಆ ತುದಿಗೆ ಕಣ್ಣಿನ ಬದಲು ಕತ್ತನ್ನೇ ತಿರುಗಿಸಬೇಕು. ದಿನಕ್ಕೆ ಆರೇಳು ಗಂಟೆ ಪರದೆಯ ಮುಂದೆ ಕೂರುವ, ನಲವತ್ತು ದಾಟಿದ ಜನರಿಗೆ ಪರದೆಯ ದೂರಕ್ಕೇ ಮಾಡಿಸಿದ ಪ್ರತ್ಯೇಕ ಕನ್ನಡಕ ಸಾರ್ಥಕವಾಗುವುದು ಇದರಿಂದ.

ನಲವತ್ತರೊಳಗಿನವರಿಗೆ ಸಾಮಾನ್ಯವಾಗಿ ಪರದೆಗೆಂದೇ ಬೇರೆ ಪವರ್ ಬೇಡ. ಅವರಿಗೆ ಬೇಕಾದದ್ದು ಇರುವ ದೋಷ ಸರಿಯಾಗಿ ತಿದ್ದಿದ ಸಾಮಾನ್ಯ ಕನ್ನಡಕ. ಅರ್ಧ ಅಥವಾ ಮುಕ್ಕಾಲು ಪವರಿನ ಸಿಲಿಂಡರನ್ನು (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷಕ್ಕೆ ಕೊಡುವ ಪವರ್) ‘ಇಷ್ಟಕ್ಕೆ ಕನ್ನಡಕ ಯಾಕೆ’ ಎಂದು ಬಿಟ್ಟವರು ಬಹಳ. ಹೊಲದಲ್ಲೋ ಅಡುಗೆಮನೆಯಲ್ಲೋ ಅದು ತೊಂದರೆ ಕೊಡಲಿಕ್ಕಿಲ್ಲ, ಎಂಟು ಗಂಟೆಯ ಸ್ಪ್ರೆಡ್‌ಶೀಟಿನ ಮುಂದೆ ಕೊಡುತ್ತದೆ. ಸ್ವಲ್ಪ ಪ್ಲಸ್ ಪವರ್ ಬೇಕಾಗಿದ್ದೂ ಎಳೆಯ ವಯಸ್ಸಿನ ಬಲದಿಂದ ಅದನ್ನು ಮುಚ್ಚಿಟ್ಟುಕೊಂಡ ಕಣ್ಣುಗಳೂ, ಹತ್ತಿರದಲ್ಲಿ ಎರಡೂ ಕಣ್ಣನ್ನು ಒಂದೇ ಬಿಂದುವಿಗೆ ತರಲು ಹೆಣಗುವ ಕಣ್ಣುಗಳೂ ಇರುತ್ತವೆ. ಎರಡನೆಯದಕ್ಕೆ ಕನ್ನಡಕಕ್ಕಿಂತ ವ್ಯಾಯಾಮ ಹೆಚ್ಚು ಉಪಯೋಗಕಾರಿ. ಇವೆಲ್ಲ ತಿಳಿಯುವುದು ಪರೀಕ್ಷೆಯಿಂದಲೇ.

ಪರೀಕ್ಷೆಗೆ ಹೋಗುವಾಗ ಏನು ಒಯ್ಯಬೇಕು

ಒಂದು ಅಂಕಿ ಒಯ್ಯಬೇಕು. ಎಂದಿನಂತೆ ಕೂತು, ಮನೆಯಲ್ಲಿ ಯಾರಿಂದಾದರೂ ಟೇಪು ಹಿಡಿಸಿ, ಮೂಗಿನ ಮೇಲ್ಭಾಗದಿಂದ ಪರದೆಯ ನಡುವಿನವರೆಗೆ ಎಷ್ಟು ಸೆಂಟಿಮೀಟರ್ ಇದೆ ಎಂದು ಅಳೆಯಿರಿ. ಅಳೆಯುತ್ತಾರೆಂದು ನೆಟ್ಟಗೆ ಕೂರಬೇಡಿ. ಸಂಜೆ ನಾಲ್ಕರ ಹೊತ್ತಿಗೆ ಹೇಗೆ ಕೂರುತ್ತೀರೋ ಹಾಗೆಯೇ ಕೂರಿ. ಕಚೇರಿಯಲ್ಲಿ ಮಾನಿಟರ್, ಮನೆಯಲ್ಲಿ ಲ್ಯಾಪ್‌ಟಾಪ್ ಎಂದಾದರೆ ಎರಡನ್ನೂ ಅಳೆದು ಬರೆದುಕೊಳ್ಳಿ.

ಈ ಅಂಕಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಕಣ್ಣು ಪರೀಕ್ಷೆಯಲ್ಲಿ ಮೊದಲು ಯಂತ್ರದೊಳಗೆ ಗಾಳಿಬಲೂನಿನ ಚಿತ್ರ ತೋರಿಸುತ್ತಾರೆ, ಆಮೇಲೆ ಆರು ಮೀಟರ್ ದೂರದ, ಅಥವಾ ಕನ್ನಡಿಯಲ್ಲಿ ಅಷ್ಟು ದೂರವೆನಿಸುವ ಅಕ್ಷರದ ಫಲಕ ಓದಿಸುತ್ತಾರೆ, ಕೊನೆಗೆ ಕೈಗೆ ಓದುವ ಕಾರ್ಡು ಕೊಡುತ್ತಾರೆ. ಕಾರ್ಡನ್ನು ಹಿಡಿಯುವುದು 35–40 ಸೆಂಟಿಮೀಟರಿನಲ್ಲಿ. ನಿಮ್ಮ ದಿನದ ಮುಕ್ಕಾಲು ಪಾಲು ಕಳೆಯುವ 60–65 ಸೆಂಟಿಮೀಟರನ್ನು, ನೀವಾಗಿ ಕೇಳದೆ ಹೋದರೆ, ಯಾರೂ ಪರೀಕ್ಷಿಸದೆ ಬಿಡುವ ಸಂಭವವೇ ಹೆಚ್ಚು. ಆದ್ದರಿಂದ ಪರೀಕ್ಷೆ ಮಾಡುವವರಿಗೆ ಹೀಗೆ ಹೇಳಿ: ‘ನನ್ನ ಪರದೆ ಇಷ್ಟು ದೂರದಲ್ಲಿದೆ, ದಿನಕ್ಕೆ ಇಷ್ಟು ಗಂಟೆ ನೋಡುತ್ತೇನೆ, ಆ ದೂರಕ್ಕೆ ಪವರ್ ನೋಡಿ.’ ಪರೀಕ್ಷೆಯ ಫ್ರೇಮಿನಲ್ಲಿ ಲೆನ್ಸು ಹಾಕಿದ ಮೇಲೆ ಓದುವ ಕಾರ್ಡನ್ನು ಅಳತೆಯ ದೂರದಲ್ಲಿ ಹಿಡಿಸಿ ಓದಿ. ಲ್ಯಾಪ್‌ಟಾಪ್ ಜೊತೆಗಿದ್ದರೆ ಅದನ್ನೇ ತೆರೆದಿಡಿ. ಯಂತ್ರದ ಚೀಟಿಯಲ್ಲಿ ಮುದ್ರಿತವಾದ ಅಂಕಿ ಅಂದಾಜಿಗೆ ಮಾತ್ರ. ಅದನ್ನೇ ನೇರ ಲೆನ್ಸಿಗೆ ಇಳಿಸುವ ಅಂಗಡಿಯಲ್ಲಿ ಕನ್ನಡಕ ಮಾಡಿಸಬೇಡಿ. ಅಂಗಡಿಯ ಉಚಿತ ಪರೀಕ್ಷೆಯ ಮೇಲೆ ನಂಬಿಕೆ ಬಾರದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗದಲ್ಲೋ, ಬೆಂಗಳೂರಿನಲ್ಲಾದರೆ ಮಿಂಟೋ ಕಣ್ಣಾಸ್ಪತ್ರೆಯಲ್ಲೋ ಮಾಡಿಸಿಕೊಂಡು ಚೀಟಿಯನ್ನು ಮಾತ್ರ ಅಂಗಡಿಗೆ ಒಯ್ಯಬಹುದು.

ಚೀಟಿ ಬಂದ ಮೇಲೆ ನೀವೇ ಒಮ್ಮೆ ತಾಳೆ ನೋಡಿ. ದೂರದ ಪವರ್ ಸೊನ್ನೆ, ಓದುವುದಕ್ಕೆ ‘ಆ್ಯಡ್’ (ದೂರದ ಪವರಿಗೆ ಕೂಡಿಸಬೇಕಾದದ್ದು) +2.00 ಎಂದಿದೆ ಎನ್ನೋಣ. ಪುಸ್ತಕಕ್ಕೂ ಮಾನಿಟರಿಗೂ ಬೇಕಾದ ಪವರಿನ ಅಂತರ 1.00 ಆದ್ದರಿಂದ ಮಾನಿಟರಿನ ಕನ್ನಡಕ ಸುಮಾರು +1.00 ಇರಬೇಕು, ಲ್ಯಾಪ್‌ಟಾಪಿಗಾದರೆ ಅಂತರ 0.50 ಮಾತ್ರ, ಅದಕ್ಕೆ +1.50. ಸಮೀಪದೃಷ್ಟಿ ಇರುವವರಲ್ಲಿ ಇದೇ ಲೆಕ್ಕ ಸ್ವಾರಸ್ಯಕರವಾಗುತ್ತದೆ. ದೂರಕ್ಕೆ −1.00 ಇದ್ದು ಆ್ಯಡ್ +2.00 ಬಂದವರಿಗೆ ಮಾನಿಟರಿನ ಪವರ್ ಸೊನ್ನೆಯಾಗುತ್ತದೆ. ಅವರು ಕನ್ನಡಕ ತೆಗೆದಿಟ್ಟು ಕೆಲಸ ಮಾಡಿದರೆ ಸಾಕು, ಹೊಸದು ಬೇಕಿಲ್ಲ. ದೂರಕ್ಕೆ −2.50 ಇದ್ದವರಿಗೆ ಅದು −1.50 ಆಗುತ್ತದೆ. ಚೀಟಿಯ ಅಂಕಿ ಈ ಲೆಕ್ಕಕ್ಕಿಂತ ಕಾಲು ಪವರ್ ಆಚೀಚೆ ಇದ್ದರೆ ಚಿಂತಿಸಬೇಡಿ, ಬಹಳ ಬೇರೆಯಿದ್ದರೆ ಯಾಕೆಂದು ಕೇಳಿ.

ಲೆನ್ಸಿನ ಆಯ್ಕೆ ನಿಮ್ಮ ಕೆಲಸವನ್ನು ಅವಲಂಬಿಸುತ್ತದೆ. ಪರದೆಯೊಂದನ್ನೇ ನೋಡುವವರಿಗೆ ಒಂದೇ ಪವರಿನ ಲೆನ್ಸು ಸಾಕು. ಇದು ಅಗ್ಗ, ನೋಟದ ಅಗಲವೂ ಹೆಚ್ಚು. ಪರದೆಯ ಜೊತೆ ಕಡತವನ್ನೂ ಓದಿ, ಎದುರು ಕೂತವರ ಮುಖವನ್ನೂ ನೋಡಬೇಕಾದ ಬ್ಯಾಂಕಿನವರು, ಲೆಕ್ಕಪತ್ರದವರು ‘ಆಫೀಸ್ ಲೆನ್ಸ್’ ಎಂದು ಕರೆಯುವ ಬಗೆಯನ್ನು ಕೇಳಬಹುದು. ಅದರಲ್ಲಿ ದೂರದ ನೋಟವನ್ನು ಬಿಟ್ಟುಕೊಟ್ಟು ನಡುವಿನ ಮತ್ತು ಹತ್ತಿರದ ಜಾಗವನ್ನು ಅಗಲ ಮಾಡಿರುತ್ತಾರೆ. ಯಾವುದೇ ಆಗಲಿ, ಈ ಕನ್ನಡಕದಲ್ಲಿ ದೂರದ ನೋಟ ಮಸುಕಾಗಿಯೇ ಇರುತ್ತದೆ. ಹಾಕಿಕೊಂಡೇ ಸ್ಕೂಟರ್ ಏರಬೇಡಿ, ಮೆಟ್ಟಿಲಿಳಿಯುವಾಗಲೂ ತೆಗೆಯುವುದು ಲೇಸು. ಮೇಲಿನ ಲೆಕ್ಕದಲ್ಲಿ ಎರಡೂ ಕಣ್ಣಿಗೆ ಮಾನಿಟರಿನ ಪವರ್ +1.00 ಬಂದು ಸಿಲಿಂಡರ್ ಇಲ್ಲದವರು, ಸಿದ್ಧವಾಗಿ ಸಿಗುವ +1.00 ಕನ್ನಡಕವನ್ನು ಕೊಂಡು ಒಂದು ವಾರ ಪರದೆಯ ಮುಂದೆ ಹಾಕಿ ನೋಡಿ, ಅನುಕೂಲ ಕಂಡರೆ ಒಳ್ಳೆಯದನ್ನು ಮಾಡಿಸುವುದು ಕಡಿಮೆ ಖರ್ಚಿನ ದಾರಿ.

ಯಾವ ಕನ್ನಡಕವೂ ಮಾಡಲಾರದ ಕೆಲಸ

ಒಣಗಿದ ಕಣ್ಣಿಗೆ ಪವರಿನಿಂದ ಪರಿಹಾರವಿಲ್ಲ. ಕಚೇರಿಯಲ್ಲಿ ಎಸಿಯ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಜಾಗ ಬದಲಿಸಿಕೊಳ್ಳಿ ಅಥವಾ ಗಾಳಿಕಿಂಡಿಯ ರೆಕ್ಕೆ ತಿರುಗಿಸಿಸಿ. ಮನೆಯಲ್ಲಿ ಟೇಬಲ್ ಫ್ಯಾನಿಗೂ ಇದೇ ಮಾತು. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ಅದಕ್ಕಿಂತ ತುಸು ಕೆಳಗೋ ಇರಲಿ: ನೋಟ ಕೆಳಗಿದ್ದರೆ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚುತ್ತದೆ, ಮೇಲ್ಮೈ ಕಡಿಮೆ ಒಣಗುತ್ತದೆ. ಪ್ರೊಗ್ರೆಸಿವ್ ಹಾಕುವವರು ಇನ್ನೂ ಸ್ವಲ್ಪ ಇಳಿಸಬೇಕು. ಕಿಟಕಿ ಪರದೆಯ ಹಿಂದೆಯೂ ಬೇಡ, ನಿಮ್ಮ ಬೆನ್ನಿಗೂ ಬೇಡ, ಪಕ್ಕದಲ್ಲಿರಲಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ಹೆಚ್ಚಿನ ಮಾತು. ಇಂಗ್ಲಿಷಿಗೆ ಸಾಕಾಗುವ ಅಕ್ಷರದ ಗಾತ್ರ ನಮ್ಮ ಲಿಪಿಗೆ ಸಾಲದು. ಸಾಲಿನ ಕೆಳಗೆ ಜೋತುಬೀಳುವ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಸಣ್ಣವು. ‘ಸ್ತ್ರೀ’, ‘ಶಾಸ್ತ್ರ’ ಇಂಥ ಪದಗಳಲ್ಲಿ ಒಂದರ ಕೆಳಗೆ ಎರಡು ಒತ್ತು ಕೂತಾಗ ಕಣ್ಣು ತಾನಾಗಿ ಕಿರಿದಾಗಿ ಮುಖ ಪರದೆಯ ಕಡೆ ಬಾಗುತ್ತದೆ, ಅಳೆದು ಮಾಡಿಸಿದ 65 ಸೆಂಟಿಮೀಟರ್ 45 ಆಗುತ್ತದೆ. ಕರಡು ತಿದ್ದುವವರು, ಪಹಣಿ ನೋಡುವವರು ಪುಟವನ್ನು ಶೇಕಡ 130–150ಕ್ಕೆ ಹಿಗ್ಗಿಸಿ ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿಕೊಳ್ಳಿ. ಕಾಸು ಖರ್ಚಿಲ್ಲದ ಈ ಉಪಾಯ ಎಷ್ಟೋ ಕನ್ನಡಕಗಳಿಗಿಂತ ಮೇಲು.

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರವನ್ನು ಇಪ್ಪತ್ತು ಸೆಕೆಂಡು ನೋಡಿ ಎಂಬ ಸೂತ್ರ ಎಲ್ಲರಿಗೂ ಗೊತ್ತು. ಆ ಅಂಕಿಗಳು ನೆನಪಿನಲ್ಲಿ ಉಳಿಯಲೆಂದು ಇರುವವು, ಅಳೆದು ಕಂಡುಹಿಡಿದವಲ್ಲ. ಆಗಾಗ ದೂರ ನೋಡಬೇಕು, ಆಗ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಬೇಕು ಎಂಬುದಷ್ಟೇ ಅದರ ತಿರುಳು. ಇದರಿಂದಲೂ ಉರಿ ಹೋಗದಿದ್ದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರಿನ ಹನಿಗಳನ್ನು ಬಳಸಬಹುದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಸಂರಕ್ಷಕ ರಾಸಾಯನಿಕ ಇಲ್ಲದ ಬಗೆಯನ್ನು ಕೇಳಿ. ಕೆಂಪು ಕಳೆಯುವ ಹನಿಗಳನ್ನು ರೂಢಿ ಮಾಡಿಕೊಂಡರೆ ನಿಲ್ಲಿಸಿದ ಮೇಲೆ ಕೆಂಪು ಇನ್ನಷ್ಟು ಹೆಚ್ಚುತ್ತದೆ. ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಟ್ಟ ಸ್ಟೀರಾಯ್ಡ್ ಹನಿಯನ್ನಂತೂ ಮುಟ್ಟಲೇಬೇಡಿ. ಉರಿ ಬೇಗ ಇಳಿಯುತ್ತದೆ ಎಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬೆಳೆಯಬಹುದು.

ಮಕ್ಕಳಿಗೆ ಆನ್‌ಲೈನ್ ಪಾಠದ ಹೆಸರಿನಲ್ಲಿ ಪವರ್ ಇಲ್ಲದ ಬ್ಲೂ ಕಟ್ ಕೊಡಿಸುವುದು ವ್ಯರ್ಥ. ಅವರನ್ನು ದಿನಕ್ಕೆ ಎರಡು ಗಂಟೆ ಬಯಲಿನಲ್ಲಿ ಆಡಲು ಬಿಡುವುದು ಸಮೀಪದೃಷ್ಟಿ ಬರುವುದನ್ನು ತಡೆಯಲು ನೆರವಾಗುತ್ತದೆ. ಇನ್ನು, ಕಣ್ಣ ಮುಂದೆ ಹಠಾತ್ತನೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಒಂದು ಬದಿಯಿಂದ ಪರದೆ ಎಳೆದಂಥ ಕತ್ತಲೆ, ನೋವಿನೊಂದಿಗೆ ನೋಟ ಮಂದವಾಗುವುದು, ದೀಪದ ಸುತ್ತ ಬಣ್ಣದ ಬಳೆ, ಹೊಸದಾಗಿ ಒಂದು ಎರಡಾಗಿ ಕಾಣುವುದು, ಇವು ಯಾವುವೂ ಪರದೆಯ ದಣಿವಲ್ಲ. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಹೊಸ ಕನ್ನಡಕಕ್ಕೆ ಕಣ್ಣು ಹೊಂದಲು ಒಂದು ವಾರ, ಆಫೀಸ್ ಲೆನ್ಸಿಗಾದರೆ ಎರಡು ವಾರ ಕೊಡಿ. ಅಷ್ಟಾದರೂ ಹಣೆನೋವು ಬಿಡದಿದ್ದರೆ ಸಹಿಸಿಕೊಂಡು ಹೋಗಬೇಡಿ. ಅಂಗಡಿಗೆ ಮರಳಿ ಒಯ್ದು, ಲೆನ್ಸಿನಲ್ಲಿರುವ ಪವರನ್ನು ಲೆನ್ಸೋಮೀಟರ್ ಯಂತ್ರದಲ್ಲಿ ಇಟ್ಟು ಚೀಟಿಯೊಂದಿಗೆ ತಾಳೆ ನೋಡಲು ಹೇಳಿ. ಎರಡೂ ಕಣ್ಣಿನ ಪಾಪೆಗಳ ನಡುವಿನ ಅಂತರಕ್ಕೆ ಸರಿಯಾಗಿ ಲೆನ್ಸಿನ ನಡುಬಿಂದುಗಳು ಕೂತಿವೆಯೇ ಎಂದೂ ನೋಡಿಸಿ. ಇದು ಐದು ನಿಮಿಷದ ಕೆಲಸ, ಸಾಮಾನ್ಯವಾಗಿ ಇದಕ್ಕೆ ಹಣ ಕೇಳುವುದಿಲ್ಲ. ಎರಡೂ ಸರಿಯಿದ್ದರೆ ಟೇಪು ಹಿಡಿದು ಪರದೆಯ ದೂರವನ್ನು ಇನ್ನೊಮ್ಮೆ ಅಳೆಯಿರಿ, ಆ ಅಂಕಿ ಬದಲಾಗಿದ್ದರೆ ಮೊದಲು ಕುರ್ಚಿಯನ್ನು ಸರಿಸಿ ನೋಡಿ.